ಪ್ರತಿಕ್ರಿಯೆ: ಆಲ್ವಾ ಯಾವ ಕೌಂಟಿಗೆ ಸೇರಿದ್ದು?

ಹಳೆಯ ನಕ್ಷೆಯಲ್ಲಿ ಸ್ಕಾಟ್ಲೆಂಡಿನ ಆಲ್ವಾ ಊರು ಸ್ಟರ್ಲಿಂಗ್‌ಶೈರ್‌ನಲ್ಲಿಯೂ ಈಗಿನ ನಕ್ಷೆಯಲ್ಲಿ ಕ್ಲಾಕ್ಮನನ್‌ಶೈರ್‌ನಲ್ಲಿಯೂ ಇರುವುದೇಕೆ, ಯಾವುದು ತಪ್ಪು ಎಂದು ಕೇಳಿದ್ದೀರಿ. ಎರಡೂ ಸರಿಯೇ. ಓಕಿಲ್ ಬೆಟ್ಟಸಾಲಿನ ದಕ್ಷಿಣದ ಬುಡದಲ್ಲಿರುವ ಆಲ್ವಾ, ಸ್ಟರ್ಲಿಂಗ್‌ಶೈರ್‌ನ ಮುಖ್ಯ ಭೂಭಾಗದಿಂದ ಬೇರ್ಪಟ್ಟು, ದ್ವೀಪದಂತೆ ಬಹುಕಾಲ ಆ ಕೌಂಟಿಗೇ ಸೇರಿತ್ತು. 1889ರ ಸ್ಥಳೀಯಾಡಳಿತ ಕಾಯ್ದೆಯ ಅನ್ವಯ ಗಡಿಗಳನ್ನು ಸರಿಪಡಿಸಿದಾಗ, 1891ರಲ್ಲಿ ಅದನ್ನು ಕ್ಲಾಕ್ಮನನ್‌ಶೈರ್‌ಗೆ ವರ್ಗಾಯಿಸಲಾಯಿತು. ಭೂಗೋಳದ ದೃಷ್ಟಿಯಿಂದ ಇದು ತೀರ ಸಹಜವಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ: ಉತ್ತರಕ್ಕೆ 721 ಮೀಟರ್ ಎತ್ತರದ ಬೆನ್ ಕ್ಲೂಕ್ ಶಿಖರವಿರುವ ಬೆಟ್ಟಸಾಲು, ದಕ್ಷಿಣಕ್ಕೆ ಫೋರ್ತ್ ನದಿ, ನಡುವೆ ಡೆವನ್ ನದಿ ಹರಿಯುವ ಬಯಲು ಇವೆಲ್ಲ ಸೇರಿ ಒಂದೇ ನಾಡಿನಂತಿವೆ.

ನಿಮ್ಮ ನಕ್ಷೆ 1975ರಿಂದ 1996ರ ನಡುವಿನದಾಗಿದ್ದರೆ ಇನ್ನೊಂದು ಹೆಸರೂ ಕಾಣಿಸೀತು. ಆ ಅವಧಿಯಲ್ಲಿ ಕೌಂಟಿ ಆಡಳಿತವನ್ನು ರದ್ದುಪಡಿಸಿ, ಪರ್ತ್‌ಶೈರ್‌ನ ಮಕಾರ್ಟ್ ಪ್ರದೇಶವನ್ನೂ ಕೂಡಿಸಿ, ಸೆಂಟ್ರಲ್ ಪ್ರಾಂತ್ಯದ ಅಡಿಯಲ್ಲಿ ಕ್ಲಾಕ್ಮನನ್ ಜಿಲ್ಲೆಯನ್ನು ರಚಿಸಲಾಗಿತ್ತು. ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಕೌಂಟಿಗಳಲ್ಲಿ ಅತಿ ಚಿಕ್ಕದಾದ ಈ ನಾಡು 1996ರಲ್ಲಿ ಸ್ವತಂತ್ರ ಕೌನ್ಸಿಲ್ ಪ್ರದೇಶವಾಗಿ ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು. ಅದರ ಆಡಳಿತ ಕೇಂದ್ರ ಅಲೋವಾ.