ಓದುಗರ ಪ್ರಶ್ನೆ: ಮೀಟಿಂಗ್ ಲಿಂಕ್ ಎಲ್ಲಿ ಹೋಯಿತು?

ಈ ಸಲದ ಅಂಚೆಯಲ್ಲಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಗೋಳು. ವಿಡಿಯೋ ಮೀಟಿಂಗ್ ಮಾಡಲು ಎಲ್ಲರಿಗೂ ಬರುತ್ತದೆ, ಎಲ್ಲರನ್ನೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರಿಸುವುದರಲ್ಲೇ ಸುಸ್ತು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ದೂಡಿ, ಇಡೀ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ಹತ್ತು ಹನ್ನೆರಡು ಜನ ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರಿ ಪುಸ್ತಕ ಓದುತ್ತೇವೆ. ಪ್ರತಿ ವಾರ ನಾನೇ ಲಿಂಕ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ. ಆದರೂ ಶುರುವಾಗುವ ಐದು ನಿಮಿಷ ಮೊದಲು "ಲಿಂಕ್ ಎಲ್ಲಿ?" ಅಂತ ನಾಲ್ಕು ಫೋನ್ ಬರುತ್ತವೆ. ಒಬ್ಬರಂತೂ ಹೋದ ವಾರದ ಲಿಂಕ್ ಒತ್ತಿ ಅರ್ಧ ಗಂಟೆ ಒಬ್ಬರೇ ಕೂತಿದ್ದರು. ಏನು ಮಾಡಲಿ?

ಉತ್ತರ: ಪಾಪ, ಅವರನ್ನು ಬೈಯಬೇಡಿ. ಗುಂಪಿನಲ್ಲಿ ಹಾಕಿದ ಲಿಂಕ್ ಅಂದರೆ ಗೋಡೆಗೆ ಅಂಟಿಸಿದ ಚೀಟಿ ಇದ್ದ ಹಾಗೆ. ಅದರ ಮೇಲೆ ನಾಲ್ಕು ಶುಭೋದಯ, ಎರಡು ವಿಡಿಯೋ ಬಂದು ಕೂತರೆ ಮುಗಿಯಿತು, ಯಾರಿಗೂ ಕಾಣಿಸುವುದಿಲ್ಲ. ಹಳೇ ಚೀಟಿ ಯಾವುದು, ಹೊಸದು ಯಾವುದು ಅಂತಲೂ ಗೊತ್ತಾಗುವುದಿಲ್ಲ.

ಮೀಟಿಂಗನ್ನು ನಿಮ್ಮ ಇಮೇಲ್ ಜೊತೆಗೇ ಬರುವ ಕ್ಯಾಲೆಂಡರ್‌ನಿಂದ ಮಾಡಿ. ಜಿಮೇಲ್ ಇದ್ದರೆ ಗೂಗಲ್ ಕ್ಯಾಲೆಂಡರ್ ತೆರೆದು ಹೊಸ ಈವೆಂಟ್ ಒತ್ತಿ. ಹೆಸರು, ದಿನ, ಸಮಯ ಕೊಡಿ. 'ಆಡ್ ಗೆಸ್ಟ್ಸ್' ಅನ್ನುವಲ್ಲಿ ಎಲ್ಲರ ಇಮೇಲ್ ಹಾಕಿ. ಗೂಗಲ್ ಮೀಟ್ ಸೇರಿಸುವ ಬಟನ್ ಅಲ್ಲೇ ಇರುತ್ತದೆ, ಒತ್ತಿದ ಕೂಡಲೇ ಲಿಂಕ್ ತಾನಾಗಿ ಹುಟ್ಟುತ್ತದೆ. 'ಡಸ್ ನಾಟ್ ರಿಪೀಟ್' ಅಂತ ಇರುವುದನ್ನು ವಾರಕ್ಕೊಮ್ಮೆ ಅಂತ ಬದಲಿಸಿ, ಸೇವ್ ಮಾಡಿ, ಆಹ್ವಾನ ಕಳಿಸಲೇ ಅಂತ ಕೇಳಿದಾಗ ಹೂಂ ಅನ್ನಿ. ಇಷ್ಟು ಮಾಡಿದರೆ ಪ್ರತಿ ವಾರವೂ ಅದೇ ಲಿಂಕ್. ಅದು ಪ್ರತಿಯೊಬ್ಬರ ಕ್ಯಾಲೆಂಡರ್‌ನಲ್ಲೂ ಆಯಾ ದಿನದ ಮೇಲೆ ಕೂತಿರುತ್ತದೆ, ನೋಟಿಫಿಕೇಶನ್ ಬಂದ್ ಮಾಡಿಕೊಂಡಿಲ್ಲದಿದ್ದರೆ ಹೊತ್ತಿಗೆ ಸರಿಯಾಗಿ ಫೋನ್ ತಾನೇ ನೆನಪಿಸುತ್ತದೆ.

ಔಟ್‌ಲುಕ್ ಬಳಸುವವರಿಗೂ ದಾರಿ ಇದೇ. ಹೊಸ ಮೀಟಿಂಗ್ ತೆರೆದು ಟೀಮ್ಸ್ ಮೀಟಿಂಗ್ ಅನ್ನುವುದನ್ನು ಆನ್ ಮಾಡಿದರೆ ಲಿಂಕ್ ಒಳಗೆ ಬಂದು ಕೂರುತ್ತದೆ. ಜೂಮ್ ಬೇಕು ಅನ್ನುವವರಿಗೆ ಎರಡೂ ಕ್ಯಾಲೆಂಡರ್‌ಗಳಿಗೆ ಸೇರಿಸಬಹುದಾದ ಜೂಮ್ ಆಡ್-ಆನ್ ಇದೆ. ಲಿಂಕ್ ಅನ್ನು ಕೈಯಾರೆ ಕಾಪಿ ಪೇಸ್ಟ್ ಮಾಡುವುದಕ್ಕಿಂತ ಇದು ವಾಸಿ. ಯಾಕೆಂದರೆ ಪೇಸ್ಟ್ ಮಾಡಿದ ಲಿಂಕ್ ಕ್ಯಾಲೆಂಡರ್‌ನ ಕಣ್ಣಿಗೆ ಬರೀ ಅಕ್ಷರ, ನೀವು ಕ್ಯಾಲೆಂಡರ್‌ನಲ್ಲಿ ಸಮಯ ಬದಲಿಸಿದರೆ ಜೂಮ್‌ಗೆ ಸುದ್ದಿಯೇ ಇರುವುದಿಲ್ಲ.

ಒಂದು ಸಣ್ಣ ಉಪಾಯ, ನನಗೆ ತುಂಬಾ ಇಷ್ಟವಾದದ್ದು. ಇಮೇಲ್‌ನಲ್ಲಿ ಮಾತಾಡುತ್ತಾ ಮಾತಾಡುತ್ತಾ "ಸರಿ, ಒಮ್ಮೆ ಕೂತು ಮಾತಾಡೋಣ" ಅನ್ನುವ ಹಂತಕ್ಕೆ ಬರುತ್ತೇವಲ್ಲ, ಆಗ ಕಂಪ್ಯೂಟರ್‌ನಲ್ಲಿ ಜಿಮೇಲ್‌ನ ಆ ಪತ್ರ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿ 'ಕ್ರಿಯೇಟ್ ಈವೆಂಟ್' ಅನ್ನಿ. ಪತ್ರದ ವಿಷಯವೇ ಮೀಟಿಂಗ್ ಹೆಸರಾಗುತ್ತದೆ, ಪತ್ರದಲ್ಲಿದ್ದವರೆಲ್ಲ ಅತಿಥಿಗಳಾಗುತ್ತಾರೆ. ವಿಂಡೋಸ್‌ನ ಹಳೇ ಔಟ್‌ಲುಕ್‌ನಲ್ಲಿ ಕಂಟ್ರೋಲ್, ಆಲ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಇದೇ ಕೆಲಸ ಆಗುತ್ತದೆ.

ಪ್ರಶ್ನೆ: ನನ್ನದು ಗೂಗಲ್ ಕ್ಯಾಲೆಂಡರ್, ಕೆಲವರದ್ದು ಔಟ್‌ಲುಕ್, ಇನ್ನೊಬ್ಬರು ಆ್ಯಪಲ್ ಫೋನ್‌ನವರು. ನಾನು ಕಳಿಸಿದ್ದು ಅವರಿಗೆ ತೆರೆದುಕೊಳ್ಳುತ್ತದಾ?

ಉತ್ತರ: ತೆರೆದುಕೊಳ್ಳುತ್ತದೆ, ಧೈರ್ಯವಾಗಿ ಕಳಿಸಿ. ಈ ಕ್ಯಾಲೆಂಡರ್‌ಗಳೆಲ್ಲ ಒಳಗೊಳಗೆ ಒಂದೇ ಭಾಷೆ ಮಾತಾಡುತ್ತವೆ. ಅದರ ಹೆಸರು ಐಕ್ಯಾಲೆಂಡರ್. 1998ರಲ್ಲಿ ಬಂದ ನಿಯಮ, 2009ರಲ್ಲಿ ತಿದ್ದಿ ಮತ್ತೆ ಹೊರತಂದರು. ಆಹ್ವಾನದ ಇಮೇಲ್ ಜೊತೆ ಐಸಿಎಸ್ ಅಂತ ಕೊನೆಯಾಗುವ ಒಂದು ಪುಟ್ಟ ಫೈಲ್ ಬಂದಿರುತ್ತದೆ ನೋಡಿ, ಅದೇ ಇದು. ಅದೇನೋ ವೈರಸ್ ಅಂದುಕೊಂಡು ಅಳಿಸಿದವರನ್ನೂ ನಾನು ಕಂಡಿದ್ದೇನೆ! ಗೊತ್ತಿರುವವರಿಂದ, ನೀವು ಕಾಯುತ್ತಿದ್ದ ಮೀಟಿಂಗ್‌ಗೆ ಬಂದಿದ್ದರೆ ತೆರೆಯಿರಿ, ದಿನ ಸಮಯ ಎಲ್ಲ ಕ್ಯಾಲೆಂಡರ್‌ಗೆ ಹೋಗಿ ಕೂರುತ್ತದೆ.

ಪ್ರಶ್ನೆ: ಮೀಟಿಂಗ್ ಅನ್ನು ಸಂಜೆ ನಾಲ್ಕರಿಂದ ಐದಕ್ಕೆ ತಳ್ಳಿದೆ. ಅರ್ಧ ಜನ ನಾಲ್ಕಕ್ಕೇ ಬಂದು ಕಾದು ಹೋದರು. ಕ್ಯಾಲೆಂಡರ್‌ನಲ್ಲಿ ಬದಲಿಸಿದ್ದೆನಲ್ಲ, ಅವರಿಗೆ ಯಾಕೆ ಗೊತ್ತಾಗಲಿಲ್ಲ?

ಉತ್ತರ: ಬದಲಿಸಿ ಸೇವ್ ಮಾಡುವಾಗ ಒಂದು ಪುಟ್ಟ ಪೆಟ್ಟಿಗೆ ಎದ್ದು ಬಂದು, ಅತಿಥಿಗಳಿಗೆ ತಿಳಿಸಲೇ ಅಂತ ಕೇಳಿರುತ್ತದೆ. ಅಲ್ಲಿ ಬೇಡ ಅಂದಿರುತ್ತೀರಿ. ನಾನೂ ಹಾಗೇ ಮಾಡಿದವನೇ. ಸುಮ್ನೆ ಎಲ್ಲರಿಗೂ ಇನ್ನೊಂದು ಇಮೇಲ್ ಯಾಕೆ ಅಂತ ದೊಡ್ಡ ಮನಸ್ಸು ಮಾಡಿ 'ಡೋಂಟ್ ಸೆಂಡ್' ಒತ್ತಿದೆ. ಆಮೇಲೆ ಆರು ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳುವುದರಲ್ಲಿ ಒಂದು ಮಧ್ಯಾಹ್ನ ಹೋಯಿತು. ಗೂಗಲ್ ಕ್ಯಾಲೆಂಡರ್‌ನಲ್ಲೇ ಇರುವವರಿಗೆ ಹೇಗೋ ಹೊಸ ಸಮಯ ಕಾಣಬಹುದು, ಆದರೆ ಬೇರೆ ಕ್ಯಾಲೆಂಡರ್ ಇಟ್ಟುಕೊಂಡವರಿಗೆ ಆ ಇಮೇಲ್ ಹೋಗದಿದ್ದರೆ ಸುದ್ದಿ ಮುಟ್ಟುವ ದಾರಿಯೇ ಇಲ್ಲ. ಔಟ್‌ಲುಕ್‌ನಲ್ಲೂ ಅಷ್ಟೇ, 'ಸೆಂಡ್ ಅಪ್‌ಡೇಟ್' ಒತ್ತುವವರೆಗೆ ಬದಲಾವಣೆ ನಿಮ್ಮ ಹತ್ತಿರವೇ ಇರುತ್ತದೆ.

ಇದರ ಜೊತೆ ಇನ್ನೊಂದು ತಪ್ಪು ಹೇಳಬೇಕು, ಇದು ಜಾಸ್ತಿ ಜನ ಮಾಡುವುದು. ಸಮಯ ಬದಲಾಯಿತು ಅಂತ ಹಳೇ ಮೀಟಿಂಗ್ ಅಳಿಸಿ, ಹೊಸದೊಂದು ಮಾಡಿ ಕಳಿಸುತ್ತಾರೆ. ಪ್ರತಿ ಆಹ್ವಾನದ ಒಳಗೂ ಅದಕ್ಕೇ ಅಂತ ಒಂದು ಗುರುತು ಇರುತ್ತದೆ. ನೀವು ಅದೇ ಮೀಟಿಂಗ್ ತೆರೆದು ಸಮಯ ತಿದ್ದಿದರೆ ಅದೇ ಗುರುತಿನ ಮೇಲೆ "ಇದು ಎರಡನೇ ತಿದ್ದುಪಡಿ" ಅನ್ನುವ ಸಂಖ್ಯೆ ಹೋಗುತ್ತದೆ, ಅವರ ಕ್ಯಾಲೆಂಡರ್ ಹಳೆಯದನ್ನು ಎತ್ತಿ ಹೊಸ ಜಾಗದಲ್ಲಿ ಇಡುತ್ತದೆ. ಅಳಿಸಿ ಹೊಸದು ಮಾಡಿದರೆ ಗುರುತೇ ಬೇರೆ. ಅಳಿಸಿದ ಸುದ್ದಿಯನ್ನೂ ಕಳಿಸದಿದ್ದರೆ ಹಳೇ ಮೀಟಿಂಗ್ ಅವರ ಕ್ಯಾಲೆಂಡರ್‌ನಲ್ಲಿ ದೆವ್ವದ ಹಾಗೆ ಅಲ್ಲೇ ನಿಂತಿರುತ್ತದೆ. ಅದಕ್ಕೇ ನಾಲ್ಕು ಗಂಟೆಗೂ ಜನ, ಐದಕ್ಕೂ ಜನ.

ವಾರವಾರದ ಮೀಟಿಂಗ್ ಆದರೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ಇದೊಂದಕ್ಕೇ, ಇಲ್ಲಿಂದ ಮುಂದಿನವಕ್ಕೆ, ಇಲ್ಲ ಎಲ್ಲದಕ್ಕೂ? ಒಂದು ವಾರ ಮಾತ್ರ ಬದಲಾಗುವುದಾದರೆ ಮೊದಲನೆಯದು. ಇಲ್ಲಿ ಅವಸರದಲ್ಲಿ 'ಆಲ್ ಈವೆಂಟ್ಸ್' ಒತ್ತಿದರೆ ಇಡೀ ಸಾಲೇ ಸರಿಯುತ್ತದೆ. ಮತ್ತೆ ಮೀಟಿಂಗ್ ಹೆಸರಿನಲ್ಲೇ "ನಾಲ್ಕು ಗಂಟೆ ಸಭೆ" ಅಂತ ಬರೆಯುವ ಚಾಳಿ ಇದ್ದರೆ ಬಿಡಿ. ಸಮಯ ಸರಿದರೂ ಹೆಸರು ಸರಿಯುವುದಿಲ್ಲ, ಐದು ಗಂಟೆಯ ಚೌಕದೊಳಗೆ ನಾಲ್ಕು ಗಂಟೆ ಸಭೆ ಕೂತಿರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವವರು ಕರೆಯುವ ವಾರದ ಮೀಟಿಂಗ್ ಮಾರ್ಚ್‌ನಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಗಂಟೆ ಮುಂಚೆ ಬಂತು. ಯಾರೂ ಬದಲಿಸಿಲ್ಲ ಅನ್ನುತ್ತಾರೆ. ಕ್ಯಾಲೆಂಡರ್ ಕೆಟ್ಟಿದೆಯಾ?

ಉತ್ತರ: ಕ್ಯಾಲೆಂಡರ್ ಸರಿಯಾಗಿಯೇ ಇದೆ, ಅಲ್ಲಿನ ಗಡಿಯಾರ ಬದಲಾಗಿದೆ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ವಾರವಾರದ ಮೀಟಿಂಗ್ ಯಾವ ಟೈಮ್ ಝೋನ್‌ನಲ್ಲಿ ಹುಟ್ಟಿದೆಯೋ ಆ ಗಡಿಯಾರವನ್ನೇ ಹಿಡಿದು ನಡೆಯುತ್ತದೆ. ಕರೆದವರು ತಮ್ಮ ಬೆಳಗಿನ ಒಂಬತ್ತಕ್ಕೆ ಇಟ್ಟಿದ್ದರೆ ಅವರಿಗೆ ವರ್ಷವಿಡೀ ಒಂಬತ್ತೇ. ಗಡಿಯಾರ ತಿರುಗಿಸದ ಊರಿನಲ್ಲಿ ಕೂತವರಿಗೆ ಮಾತ್ರ ಅದು ವರ್ಷದಲ್ಲಿ ಸುಮಾರು ಎಂಟು ತಿಂಗಳು ಒಂದು ಹೊತ್ತು, ಉಳಿದ ನಾಲ್ಕು ತಿಂಗಳು ಇನ್ನೊಂದು ಹೊತ್ತು.

ಯುರೋಪಿನವರೂ ಸೇರಿದ್ದರೆ ಗೋಜಲು ಇನ್ನೂ ಚೆನ್ನಾಗಿರುತ್ತದೆ. ಅವರು ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಅಮೆರಿಕಕ್ಕೂ ಯುರೋಪಿಗೂ ಇರುವ ಅಂತರವೇ ಮಾಮೂಲಿಗಿಂತ ಬೇರೆ. ಆ ವಾರಗಳಲ್ಲಿ ಬಾಯಿಲೆಕ್ಕ ನಂಬಬೇಡಿ, ಕ್ಯಾಲೆಂಡರ್ ಏನು ತೋರಿಸುತ್ತದೋ ಅದನ್ನೇ ನಂಬಿ.

ನಿಮ್ಮ ಕಡೆಯ ಸಮಯ ಬದಲಾಗಬಾರದು ಅಂತಿದ್ದರೆ ಮೀಟಿಂಗ್ ಅನ್ನು ನೀವೇ ಕರೆಯಿರಿ, ಇಲ್ಲವೇ ಸಮಯದ ಪಕ್ಕ ಇರುವ ಟೈಮ್ ಝೋನ್ ಒತ್ತಿ ನಿಮ್ಮ ಝೋನ್ ಹಾಕಲು ಕರೆಯುವವರಿಗೆ ಹೇಳಿ. ಆಗ ತೊಂದರೆ ಅವರ ಪಾಲಿಗೆ ಹೋಗುತ್ತದೆ. ಯಾರು ಎದ್ದು ಕೂರಬೇಕು ಅನ್ನುವುದನ್ನು ಕ್ಯಾಲೆಂಡರ್ ತೀರ್ಮಾನಿಸುವುದಿಲ್ಲ, ಅದನ್ನು ನೀವು ನೀವೇ ಮಾತಾಡಿಕೊಳ್ಳಬೇಕು. ಗೂಗಲ್ ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಟೈಮ್ ಝೋನ್ ತೋರಿಸುವ ಅನುಕೂಲ ಇದೆ, ಪಕ್ಕಪಕ್ಕ ಎರಡು ಗಂಟೆ ಕಂಡರೆ ಅಪರಾತ್ರಿಯಲ್ಲಿ ಯಾರನ್ನೂ ಎಬ್ಬಿಸುವ ಪಾಪ ಬರುವುದಿಲ್ಲ.

ಪ್ರಶ್ನೆ: ಒಂದು ಗಂಟೆಗೆ ಇಟ್ಟ ಮೀಟಿಂಗ್ ನಡುವೆಯೇ ಕಟ್ ಆಗುತ್ತದೆ. ನೆಟ್ ಸರಿಯಿದೆ.

ಉತ್ತರ: ಉಚಿತ ಖಾತೆ ಇರಬೇಕು. ಕ್ಯಾಲೆಂಡರ್‌ನಲ್ಲಿ ನೀವು ಮೂರು ಗಂಟೆ ಅಂತ ಬರೆದರೂ ಅದು ಒಪ್ಪಿಕೊಳ್ಳುತ್ತದೆ, ನಿಲ್ಲಿಸುವುದು ವಿಡಿಯೋ ಸೇವೆ. ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 60 ನಿಮಿಷ, ಇಬ್ಬರೇ ಆದರೆ 24 ಗಂಟೆ. ಟೀಮ್ಸ್ ಉಚಿತದಲ್ಲೂ ಗುಂಪಿಗೆ 60 ನಿಮಿಷ. ಮೀಟ್ 55ನೇ ನಿಮಿಷಕ್ಕೆ ಎಚ್ಚರಿಕೆ ಕೊಡುತ್ತದೆ. ಮುಖ್ಯವಾದ ಮಾತನ್ನು ಮೊದಲೇ ಆಡಿ ಮುಗಿಸಿ!

ಪ್ರಶ್ನೆ: ನಾನು ಪಾಠ ಹೇಳುತ್ತೇನೆ. ಮಕ್ಕಳ ಪೋಷಕರಿಗೆ ಕ್ಯಾಲೆಂಡರ್‌ನಿಂದ ಆಹ್ವಾನ ಕಳಿಸಿದೆ. ಎಲ್ಲರ ಇಮೇಲ್ ಎಲ್ಲರಿಗೂ ಕಂಡು ಒಬ್ಬರು ಬೇಸರ ಮಾಡಿಕೊಂಡರು.

ಉತ್ತರ: ಬೇಸರ ನ್ಯಾಯವೇ. ಗೂಗಲ್ ಕ್ಯಾಲೆಂಡರ್‌ನಲ್ಲಿ ಅತಿಥಿಗಳ ಪಟ್ಟಿಯ ಕೆಳಗೆ ಮೂರು ಗೆರೆ ಇರುತ್ತವೆ: ಅತಿಥಿಗಳು ಮೀಟಿಂಗ್ ತಿದ್ದಬಹುದೇ, ಬೇರೆಯವರನ್ನು ಕರೆಯಬಹುದೇ, ಅತಿಥಿಗಳ ಪಟ್ಟಿ ನೋಡಬಹುದೇ. ಮೂರನೆಯದರ ಗುರುತು ತೆಗೆದು ಆಮೇಲೆ ಕಳಿಸಿ. ಎರಡನೆಯದನ್ನೂ ತೆಗೆಯಿರಿ ಅನ್ನುತ್ತೇನೆ, ಪಾಠದ ಕೋಣೆಗೆ ಯಾರು ಬರಬೇಕು ಅನ್ನುವುದು ನಿಮ್ಮ ಕೈಲಿರಲಿ. ಆದರೆ ಒಂದು ನೆನಪಿಡಿ, ವಿಡಿಯೋ ಶುರುವಾದ ಮೇಲೆ ಒಳಗೆ ಇರುವವರ ಹೆಸರು ಎಲ್ಲರಿಗೂ ಕಾಣುತ್ತದೆ.

ಪ್ರಶ್ನೆ: ನನ್ನ ಕ್ಯಾಲೆಂಡರ್‌ನಲ್ಲಿ ಯಾರೋ ಗೊತ್ತಿಲ್ಲದವರ ಮೀಟಿಂಗ್‌ಗಳು ತಾವೇ ಬಂದು ಕೂರುತ್ತಿವೆ. "ನಿಮಗೆ ಬಹುಮಾನ ಬಂದಿದೆ" ಅಂತ ಒಂದು. ಡಿಕ್ಲೈನ್ ಮಾಡಲಾ?

ಉತ್ತರ: ಬೇಡ, ಬೇಡ. ಡಿಕ್ಲೈನ್ ಮಾಡಿದರೆ "ಈ ವಿಳಾಸದಲ್ಲಿ ಮನುಷ್ಯರಿದ್ದಾರೆ" ಅನ್ನುವ ಉತ್ತರ ಅವರಿಗೆ ಹೋಗುತ್ತದೆ. ಒಳಗಿನ ಲಿಂಕನ್ನಂತೂ ಮುಟ್ಟಲೇಬೇಡಿ. ಗೂಗಲ್ ಕ್ಯಾಲೆಂಡರ್ ಆದರೆ ಮೀಟಿಂಗ್ ತೆರೆದು ಮೂರು ಚುಕ್ಕೆಯಲ್ಲಿ ಸ್ಪ್ಯಾಮ್ ಅಂತ ವರದಿ ಮಾಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆಹ್ವಾನಗಳನ್ನು ಕ್ಯಾಲೆಂಡರ್‌ಗೆ ಸೇರಿಸುವುದು ಯಾವಾಗ ಅನ್ನುವಲ್ಲಿ, ಎಲ್ಲರಿಂದಲೂ ಅಂತ ಇರುವುದನ್ನು ಕಳಿಸಿದವರು ಪರಿಚಯದವರಾದರೆ ಮಾತ್ರ ಅಂತ ಬದಲಿಸಿ. ಪರಿಚಯವಿಲ್ಲದವರದ್ದು ಇಮೇಲ್‌ಗೆ ಮಾತ್ರ ಬರುತ್ತದೆ, ನೀವು ಒಪ್ಪಿದ ಮೇಲಷ್ಟೇ ಕ್ಯಾಲೆಂಡರ್‌ಗೆ ಏರುತ್ತದೆ.

ಪ್ರಶ್ನೆ: ಆಹ್ವಾನ ಬಂದಿದೆ, ಲಿಂಕ್ ಒತ್ತಿದರೆ "ಒಳಗೆ ಬಿಡಲು ಕೇಳಿ" ಅನ್ನುತ್ತದೆ. ಉಳಿದವರು ಸೀದಾ ಒಳಗೆ ಹೋಗುತ್ತಾರೆ. ನಾನೇನು ಮಾಡಿದೆ?

ಉತ್ತರ: ಎರಡು ಇಮೇಲ್ ಇಟ್ಟುಕೊಂಡಿದ್ದೀರಿ, ಅಲ್ವಾ? ಆಹ್ವಾನ ಒಂದಕ್ಕೆ ಬಂದಿದೆ, ಬ್ರೌಸರ್‌ನಲ್ಲಿ ತೆರೆದಿರುವುದು ಇನ್ನೊಂದು. ಮೀಟ್‌ಗೆ ನೀವು ಬಾಗಿಲಲ್ಲಿ ನಿಂತ ಅಪರಿಚಿತರು. ಸೇರುವ ಮೊದಲು ತೆರೆಯ ಮೇಲೆ ನಿಮ್ಮ ಇಮೇಲ್ ಕಾಣುತ್ತದೆ, ಪಕ್ಕದಲ್ಲಿ ಖಾತೆ ಬದಲಿಸುವ ದಾರಿಯೂ ಇದೆ. ಆಹ್ವಾನ ಬಂದ ಖಾತೆಗೆ ಬದಲಿಸಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಹೊತ್ತಾಗಿದ್ದರೆ ಸುಮ್ನೆ "ಒಳಗೆ ಬಿಡಿ" ಅಂತ ಕೇಳಿ ಕಾಯಿರಿ, ಕರೆದವರು ನೋಡಿ ಬಿಡುತ್ತಾರೆ, ಅವರು ನೋಡಿದರೆ.