ತಾಯಿಬಾತು ಆರಾಮಾಗಿದೆ, ಮರಿಗಳಿಗೆ ಮಾತ್ರ ಏನಾಯಿತು?

ಪ್ರಶ್ನೆ: ಬತ್ತುತ್ತಿರುವ ಉಪ್ಪುನೀರಿನ ಕೆರೆಯಲ್ಲಿ ಕಾಡುಬಾತು ಮರಿ ಮಾಡಿದೆ. ತಾಯಿ ಚೆನ್ನಾಗಿಯೇ ಇದೆ. ಮರಿಗಳು ಮಾತ್ರ ತೂಕಡಿಸುತ್ತಾ, ಕತ್ತು ಎತ್ತಲಾಗದೆ ಬೀಳುತ್ತಿವೆ. ಏನು ಮಾಡಲಿ?

ಉತ್ತರ: ಇದು ಉಪ್ಪಿನ ವಿಷ ಇರಬಹುದು. ಬಾತುಗಳಿಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿ ಇರುತ್ತದೆ. ರಕ್ತದಲ್ಲಿ ಜಾಸ್ತಿಯಾದ ಉಪ್ಪನ್ನು ಅದು ಮೂಗಿನ ಹೊಳ್ಳೆಯಿಂದ ಹೊರಹಾಕುತ್ತದೆ. ತಾಯಿ ತಲೆ ಕೊಡವುವಾಗ ಗಮನಿಸಿ, ಕೊಕ್ಕಿನಿಂದ ಹನಿ ಸಿಡಿಯುತ್ತದೆ. ಮೊಟ್ಟೆಯೊಡೆದು ಬಂದ ಮೊದಲ ಕೆಲವು ದಿನ ಮರಿಗಳಲ್ಲಿ ಈ ಗ್ರಂಥಿ ಇನ್ನೂ ಬಲಿತಿರುವುದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಉಪ್ಪಿನಂಶ ಹೆಚ್ಚುತ್ತದೆ, ಪಾಪ, ಅವಕ್ಕೆ ಕುಡಿಯಲು ಬೇರೆ ನೀರೂ ಇಲ್ಲ ಅಲ್ವಾ?

ಇಂಥ ಮರಿಗಳನ್ನು ನಾನು ಅಂಗೈಯಲ್ಲಿ ಹಿಡಿದು ನೋಡಿದ್ದೇನೆ. ರೆಪ್ಪೆ ಊದಿ ಕೆಂಪಾಗಿರುತ್ತದೆ, ಮೂಗು ಸೋರುತ್ತದೆ, ಕಾಲಿಗೆ ಬಲವೇ ಇರುವುದಿಲ್ಲ. ದೊಡ್ಡ ಹಕ್ಕಿಗಳೂ ಕತ್ತು ಜೋತುಬಿದ್ದು ಸಾಯುತ್ತಿದ್ದರೆ ಅದು ಬೊಟುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ಕಾಯಿಲೆ, ಆಗಿರಬಹುದು. ಅದರ ದಾರಿಯೇ ಬೇರೆ.

ಆರೋಗ್ಯವಾಗಿರುವ ಮರಿಗಳನ್ನು ಸುಮ್ನೆ ಹಿಡಿಯಬೇಡಿ, ತಾಯಿಯಿಂದ ದೂರವಾಗುತ್ತವೆ. ಬಿದ್ದ ಮರಿಯನ್ನು ಒಣ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಕೂಡಲೇ ವನ್ಯಜೀವಿ ವೈದ್ಯರಿಗೆ ತಿಳಿಸಿ. ದಾಹ ನೋಡಿ ಕರುಳು ಚುರುಕ್ ಎಂದರೂ ಸಿಹಿನೀರನ್ನು ಒಂದೇ ಸಲ ಬೇಕಾದಷ್ಟು ಕುಡಿಸಬೇಡಿ. ಉಪ್ಪೇರಿದ ಮಿದುಳು ನೀರೆಳೆದುಕೊಂಡು ಊದಿಕೊಳ್ಳುತ್ತದೆ. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಕೊಡಿ. ಬಾಯಿಗೆ ಒತ್ತಾಯದಿಂದ ಹುಯ್ಯಲೇಬೇಡಿ, ಶ್ವಾಸಕೋಶಕ್ಕೆ ಹೋದೀತು.

ಕೆರೆಗೆ ಸೇರುವ ಸಿಹಿನೀರಿನ ಒರತೆಯೋ ಕಾಲುವೆಯೋ ಇದೆಯೇ ನೋಡಿ. ಮರಿಗಳು ಕುಡಿಯಲು ಅಲ್ಲಿಗೇ ಹೋಗುತ್ತವೆ. ಅದು ಕಟ್ಟಿಕೊಂಡಿದ್ದರೆ ಕೆರೆ ನೋಡಿಕೊಳ್ಳುವವರಿಗೆ ಹೇಳಿ ಬಿಡಿಸಿ. ನಾಯಿಗಳನ್ನು ಆ ಕಡೆ ಬಿಡಬೇಡಿ.