ಆರ್ಡುಯಿನೋದಲ್ಲಿ ಬಣ್ಣದ ಎಲ್‌ಇಡಿ ನಯವಾಗಿ ಬೆಳಗುವಂತೆ ಮಾಡುವುದು ಹೇಗೆ?

ಶಿರಸಿಯ ನಿಮ್ಮ ಗಣಪತಿ ಮಂಟಪದ ಎಲ್‌ಇಡಿ ಶುರುವಿನಲ್ಲಿ ಥಟ್ಟನೆ ಏರಿ, ಆಮೇಲೆ ಬದಲಾಗುವುದೇ ಕಾಣುವುದಿಲ್ಲ ಅಂತ ಕೇಳಿದ್ದೀರಿ. ಇದು ವೈರಿಂಗಿನ ತಪ್ಪಲ್ಲ, ಕಣ್ಣಿನ ಗುಣ.

ಆರ್ಡುಯಿನೋ ಊನೋ ಎಂದರೆ ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್. ಬೆಳಕು ತಗ್ಗಿಸಲು ಅದರ 9, 10, 11ನೇ ಪಿನ್ನುಗಳು ವೋಲ್ಟೇಜ್ ಇಳಿಸುವುದಿಲ್ಲ. ಸೆಕೆಂಡಿಗೆ ಸುಮಾರು 490 ಸಲ ಎಲ್‌ಇಡಿಯನ್ನು ಹೊತ್ತಿಸಿ ಆರಿಸುತ್ತವೆ. ನೀವು ಕೊಡುವ 0ಯಿಂದ 255ರವರೆಗಿನ ಅಂಕೆ ಎಂದರೆ ಅದು ಹೊತ್ತಿರುವ ಸಮಯದ ಪಾಲು, ಅಷ್ಟೇ. ಆದರೆ ಕಣ್ಣು ಮಂದ ಬೆಳಕಿನ ವ್ಯತ್ಯಾಸವನ್ನೇ ಜಾಸ್ತಿ ಗುರುತಿಸುತ್ತದೆ. 5ರಿಂದ 10ಕ್ಕೆ ಹೋದರೆ ದೊಡ್ಡ ಜಿಗಿತ. 200ರಿಂದ 205ಕ್ಕೆ ಹೋದರೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಹಾಗಾಗಿ ಮಂದ ಬೆಳಕಿನಲ್ಲಿ ಸಣ್ಣ ಹೆಜ್ಜೆ ಬರುವಂತೆ, ಅಂಕೆಯನ್ನು ಅದರಿಂದಲೇ ಗುಣಿಸಿ, 255ರಿಂದ ಭಾಗಿಸಿ ಪಿನ್ನಿಗೆ ಕಳಿಸಿ. ಗುಣಿಸುವಾಗ ದೊಡ್ಡ ಅಂಕೆ ಹಿಡಿಯುವ 'ಲಾಂಗ್' (long) ಬಗೆಯನ್ನು ಬಳಸಿ. ಊನೋದ ಮಾಮೂಲಿ ಅಂಕೆಯ ಬಗೆ 'ಇಂಟ್' (int) 32767ರ ಆಚೆ ಹಿಡಿಯುವುದಿಲ್ಲ, 255ನ್ನು 255ರಿಂದ ಗುಣಿಸಿದರೆ 65025 ಆಗುತ್ತದೆ. ಪ್ರತಿ ಬಣ್ಣಕ್ಕೂ ಕರೆಂಟನ್ನು ಮಿತಿಯಲ್ಲಿಡುವ ಬೇರೆ 220 ಓಮ್ ರೆಸಿಸ್ಟರ್ ಹಾಕಿ.